ಉಕ್ಕಿನ ಹಡಗು ಮುಳುಗದೇ?

ಸೇಡಂ, ಚಿತ್ತಾಪುರದ ಮಕ್ಕಳಿಗೆ ಕಾಗಿಣಾ ನದಿ ಗೊತ್ತು, ಚಿಂಚೋಳಿಯವರಿಗೆ ಚಂದ್ರಂಪಳ್ಳಿ ಜಲಾಶಯ ಗೊತ್ತು. ಕಡಲು ಮಾತ್ರ ದೂರ. ವಾಡಿಯಲ್ಲಿ ರೈಲು ಹತ್ತಿ ಮುಂಬಯಿ ಸೇರಿ, ಮೊದಲ ಸಲ ಪ್ರವಾಸಿ ಹಡಗು ಏರುವವರಿಗೆ ಅಳುಕು ಸಹಜ.

ಶಹಾಬಾದ್ ಕಲ್ಲಿನ ಚೂರು ನೀರಿನಲ್ಲಿ ಮುಳುಗುತ್ತದೆ. ಉಕ್ಕಿನ ಹಡಗೇಕೆ ಮುಳುಗದು? ಬಕೆಟ್ಟಿನ ನೀರಿಗೆ ಸ್ಟೀಲ್ ಚಮಚ ಹಾಕಿ, ಮುಳುಗುತ್ತದೆ. ಸ್ಟೀಲ್ ಬಟ್ಟಲನ್ನು ಮೆಲ್ಲಗೆ ಇಡಿ, ತೇಲುತ್ತದೆ. ಟೊಳ್ಳಾದ ಬಟ್ಟಲು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸಬಲ್ಲದು. ಇದೇ ಆರ್ಕಿಮಿಡೀಸ್ ತತ್ತ್ವ. ಹಡಗಿಗೂ ಇದೇ ಆಧಾರ.

ವಾಂತಿ ಬಂದರೆ? ಒಳಗಿವಿಯ ದ್ರವ ಓಲಾಟವನ್ನು ತಿಳಿಸುತ್ತದೆ. ಕೋಣೆಯೊಳಗಿನ ಕಣ್ಣು ‘ಎಲ್ಲ ಸ್ಥಿರ’ ಎನ್ನುತ್ತದೆ. ಮಿದುಳು ಗೊಂದಲಕ್ಕೆ ಬೀಳುತ್ತದೆ. ಓಲಾಟ ಕಡಿಮೆಯಿರುವ ಹಡಗಿನ ನಡುಭಾಗದಲ್ಲಿರಿ, ದೂರದ ದಿಗಂತ ನೋಡಿ, ಓದಬೇಡಿ, ಮಿತವಾಗಿ ಉಣ್ಣಿ. ಮಾತ್ರೆ ಬೇಕಿದ್ದರೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ.

ಅಪಾಯ ಬಂದರೆ? 1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲಿ ಎಲ್ಲರಿಗೂ ಸಾಲುವಷ್ಟು ರಕ್ಷಣಾ ದೋಣಿಗಳಿರಲಿಲ್ಲ. ಆ ಪಾಠದಿಂದ 1914ರಲ್ಲಿ ಅಂತರರಾಷ್ಟ್ರೀಯ ಸುರಕ್ಷತಾ ಒಪ್ಪಂದವಾಯಿತು. ಹಡಗು ಹೊರಡುವಾಗ ನಡೆಸುವ ಸುರಕ್ಷತಾ ತಾಲೀಮನ್ನು ಪಾಲಕರು ಆಟವೆಂದು ತಪ್ಪಿಸಬಾರದು. ಜೀವರಕ್ಷಕ ಅಂಗಿ ಎಲ್ಲಿದೆ, ಸೇರಬೇಕಾದ ಜಾಗ ಯಾವುದು ಎಂಬುದನ್ನು ಮಗುವಿನ ಬಾಯಿಂದಲೇ ಹೇಳಿಸಿ. ಅರಿತವನಿಗೆ ಅಂಜಿಕೆ ಕಡಿಮೆ.