ಮೀಟರ್ ಬೋರ್ಡಿನ ಮೇಲೆ ಆರೋಪ

ಅನಕಾಪಲ್ಲಿಯಲ್ಲಿ ನಮ್ಮ ಕನ್ನಡ ಮನೆಗಳು ಬೆರಳೆಣಿಕೆಯಷ್ಟು. ಒಂದು ಮನೆಯ ದುಃಖ ಎಲ್ಲ ಮನೆಗಳದೂ ಹೌದು. ಕಳೆದ ವರ್ಷ ನಮ್ಮವರೊಬ್ಬರ ನಾಲ್ಕು ವರ್ಷದ ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ಸಮಾಧಾನ ಹೇಳಲು ಹೋದ ಹಿರಿಯರೊಬ್ಬರು ತಾಯಿಯನ್ನು ಕೇಳಿದ ಮೊದಲ ಪ್ರಶ್ನೆ ಇದು: “ಮಗುವನ್ನು ಮೀಟರ್ ಬೋರ್ಡಿನ ಪಕ್ಕದಲ್ಲಿ ಯಾಕಮ್ಮಾ ಮಲಗಿಸುತ್ತಿದ್ದೆ?” ಆ ತಾಯಿ ಇಂದಿಗೂ ಅದೇ ಮಾತನ್ನು ಹೇಳಿಕೊಂಡು ಅಳುತ್ತಾರೆ. ಈ ಪ್ರಶ್ನೆಯನ್ನು ನಾವು ಖಂಡಿಸುತ್ತೇವೆ.

ಭಯಕ್ಕೆ ಮೂಲವೇ ಇಲ್ಲವೆಂದು ನಮ್ಮ ವಾದವಲ್ಲ. 1979ರಲ್ಲಿ ಅಮೆರಿಕದ ಡೆನ್ವರಿನಲ್ಲಿ ವರ್ಥೈಮರ್ ಮತ್ತು ಲೀಪರ್ ಎಂಬ ಇಬ್ಬರು, ಹೆಚ್ಚು ವಿದ್ಯುತ್ ಹರಿಯುವ ತಂತಿಗಳ ಸಮೀಪದ ಮನೆಗಳಿಗೂ ಮಕ್ಕಳ ಕ್ಯಾನ್ಸರಿಗೂ ಸಂಬಂಧ ಕಂಡರು. ಮುಂದೆ ಹಲವು ದೇಶಗಳ ಅಂಕಿಅಂಶಗಳನ್ನು ಕೂಡಿಸಿ ನೋಡಿದಾಗ, ಕಾಂತಕ್ಷೇತ್ರ ಸರಾಸರಿ 0.3–0.4 ಮೈಕ್ರೋಟೆಸ್ಲಾ ಮೀರಿದ ಕೆಲವೇ ಮನೆಗಳಲ್ಲಿ ಈ ರೋಗ ಸುಮಾರು ಇಮ್ಮಡಿ ಕಂಡಿತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ‘ಕಾರಣವಾಗಿರಬಹುದು’ ಎಂಬ 2ಬಿ ವರ್ಗಕ್ಕೆ ಸೇರಿಸಿತು. ನಮ್ಮಂಥ ಗುಮಾಸ್ತರಿಗೆ ಇದರ ಅರ್ಥ ಸುಲಭ: ಕಡತ ಮುಚ್ಚಿಲ್ಲ, ಆರೋಪ ಸಾಬೀತೂ ಆಗಿಲ್ಲ. ಸಾಬೀತಾಗದ ಆರೋಪಕ್ಕೆ ತಾಯಿಯನ್ನು ಶಿಕ್ಷಿಸುವುದು ಯಾವ ನ್ಯಾಯ?

ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸ್‌ನದು. ಎಕ್ಸ್‌ರೇಯಂತೆ ಜೀವಕೋಶದ ಡಿಎನ್‌ಎಯನ್ನು ಮುರಿಯುವ ಶಕ್ತಿ ಅದಕ್ಕಿಲ್ಲ. ದೂರ ಸರಿದಂತೆ ಕ್ಷೇತ್ರವೂ ಬೇಗ ಕುಗ್ಗುತ್ತದೆ. ಅಳುಕಿದ್ದವರು ಮಂಚವನ್ನು ಎರಡು ಮಾರು ಸರಿಸಲಿ, ಖರ್ಚಿಲ್ಲ. ಆದರೆ ‘ವಿಕಿರಣ ತಡೆಯುವ’ ಚೀಟಿಗಳನ್ನು ಕೊಂಡು ಹಣ ಕಳೆಯುವುದು ಬೇಡ.

ಹೇಳಲೇಬೇಕಾದ ಇನ್ನೊಂದು ಮಾತಿದೆ. ಆ ಪ್ರಶ್ನೆ ಕೇಳಿದ ಹಿರಿಯರ ದವಡೆಯಲ್ಲಿ ಆಗ ಎಲೆಯಡಿಕೆ ಇತ್ತು! ಅದೇ ಸಂಸ್ಥೆ ಅಡಿಕೆಯನ್ನು, ಹೊಗೆಸೊಪ್ಪಿಲ್ಲದಿದ್ದರೂ, ಕ್ಯಾನ್ಸರ್‌ಕಾರಕವೆಂದು ನಿಸ್ಸಂದೇಹವಾಗಿ ಸಾರಿದೆ. ನಮ್ಮ ಈ ಕರಾವಳಿಯಲ್ಲೇ, ಉರಿಯುವ ತುದಿಯನ್ನು ಬಾಯೊಳಗಿಟ್ಟು ಚುಟ್ಟಾ ಸೇದುವ ‘ಅಡ್ಡಪೊಗ’ ಎಂಬ ಪದ್ಧತಿಯುಂಟು, ಹೆಂಗಸರಲ್ಲೇ ಹೆಚ್ಚು. ಅದು ಅಂಗುಳಿಗೆ ಮಾಡುವ ಕೇಡನ್ನು 10,169 ಮಂದಿ ಹಳ್ಳಿಗರನ್ನು ಪರೀಕ್ಷಿಸಿದ ಅಧ್ಯಯನವೊಂದು 1971ರಲ್ಲೇ ಲೋಕಕ್ಕೆ ತಿಳಿಸಿತು. ಕಾಣದ ಕ್ಷೇತ್ರಕ್ಕೆ ಬೆದರುವ ನಾವು ಕಾಣುವ ಹೊಗೆಗೆ ಕಣ್ಣು ಮುಚ್ಚಿದ್ದೇವೆ. ತಂತಿಯನ್ನು ಬೈದರೆ ನಮ್ಮ ಚಟ ಬಿಡಬೇಕಾಗಿಲ್ಲವಲ್ಲ!

ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಅತಿ ಸಾಮಾನ್ಯವಾದ ಬಗೆ ಇಂದು ಬಹುಪಾಲು ಗುಣವಾಗುವ ರೋಗ. ಆದರೆ ಚಿಕಿತ್ಸೆ ಎರಡು ಮೂರು ವರ್ಷ ನಡೆಯುತ್ತದೆ, ನಡುವೆ ನಿಲ್ಲಿಸಬಾರದು. ಅಗನಂಪೂಡಿಯ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆ ನಮ್ಮಿಂದ ದೂರವೇನಲ್ಲ. ಆ ತಾಯಿಗೆ ಬೇಕಾದದ್ದು ವಿಚಾರಣೆಯಲ್ಲ. ರಕ್ತ ಕೊಡುವವರು, ಆಸ್ಪತ್ರೆಯಲ್ಲಿ ಒಂದು ರಾತ್ರಿ ಜೊತೆಗಿರುವವರು, ದೊಡ್ಡ ಮಗಳಿಗೆ ಊಟ ಹಾಕುವವರು. ಊರು ಬಿಟ್ಟು ಬಂದ ನಮಗೆ ನಾವೇ ಬಂಧುಗಳು. ಸಂಘದ ಮುಂದಿನ ಸಭೆಯಲ್ಲಿ ರಕ್ತದಾನಿಗಳ ಪಟ್ಟಿ ತೆರೆಯಲಿ. ಮೊದಲ ಹೆಸರು ನಮ್ಮದು.