ಕರಸ್ಥಲದ ಕೈ ಮಗುವಿನ ಮೇಲೆ ಏಳದಿರಲಿ

ಓಂ ಶ್ರೀ ಗುರುಬಸವಲಿಂಗಾಯ ನಮಃ



ಅಂತರಂಗ-ಬಹಿರಂಗ ಶುದ್ಧಿಯನ್ನು ಬೋಧಿಸುವ ಪ್ರಸಿದ್ಧ ವಚನದಲ್ಲಿ ಬಸವಣ್ಣನವರು ಕೋಪವನ್ನು ಕಳವು, ಕೊಲೆ, ಹುಸಿಗಳ ಸಾಲಿನಲ್ಲಿಯೇ ಇರಿಸಿ ನಿಷೇಧಿಸಿದ್ದಾರೆ. ನಾವು ಕದಿಯುವುದಿಲ್ಲ, ಕೊಲ್ಲುವುದಿಲ್ಲ. ಆದರೆ ಮಕ್ಕಳ ಮೇಲಿನ ಕೋಪಕ್ಕೆ ಮಾತ್ರ 'ಶಿಸ್ತು' ಎಂಬ ಹೆಸರಿಟ್ಟು ವಿನಾಯಿತಿ ಪಡೆದುಕೊಂಡಿದ್ದೇವೆ. ವಚನದಲ್ಲಿ ಅಂತಹ ವಿನಾಯಿತಿ ಇಲ್ಲ.

ಇದು ಒಂದೆರಡು ಮನೆಗಳ ಮಾತಲ್ಲ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಪ್ರತಿ ಮೂವರಲ್ಲಿ ಇಬ್ಬರು ದೈಹಿಕ ಹಿಂಸೆಗೆ ಒಳಗಾಗಿದ್ದರು. ಮನೆಯೊಳಗೆ ಪೆಟ್ಟು ತಿಂದವರಲ್ಲಿ ಶೇ. 88.6ರಷ್ಟು ಮಕ್ಕಳಿಗೆ ಹೊಡೆದವರು ಹೆತ್ತವರೇ. ಕೂಸಿಗೆ ಲಿಂಗಧಾರಣೆ ಮಾಡಿಸುವ ಸಂಪ್ರದಾಯ ನಮ್ಮದು. ಇಷ್ಟಲಿಂಗವನ್ನು ಹಿಡಿದು ಪೂಜಿಸಿದ ಕೈಯೇ ಲಿಂಗ ಧರಿಸಿದ ಆ ಎಳೆಯ ದೇಹದ ಮೇಲೆ ಏಳುವುದಾದರೆ, ಅದು ಎಂತಹ ಶಿವಾಚಾರ?

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂದು ಹಿರಿಯರು ಕೇಳಬಹುದು. ನಿಜ. ಆದರೆ ಬಗ್ಗಿಸುವುದು ಬೇರೆ, ಮುರಿಯುವುದು ಬೇರೆ. ಬಗ್ಗಿಸುವ ಹದವನ್ನು ಕಲಿಯಬೇಕಾಗುತ್ತದೆ. ಮಗ್ಗದ ಕಾಯಕಕ್ಕೂ ನೇಗಿಲಿನ ಕಾಯಕಕ್ಕೂ ಕಲಿಕೆ ಬೇಕು. ಮಕ್ಕಳನ್ನು ಬೆಳೆಸುವ ಕಾಯಕಕ್ಕೆ ಮಾತ್ರ ಬೇಡವೇ?

ಇಂತಹ ಕಲಿಕೆಯ ಒಂದು ಪ್ರಯತ್ನ ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದಲ್ಲಿ ನಡೆಯಿತು. ಅಲ್ಲಿಯ ಬಡ ಹಳ್ಳಿ ಮತ್ತು ಬಡಾವಣೆಗಳ 552 ಕುಟುಂಬಗಳನ್ನು ಒಳಗೊಂಡು 'ಸಿನೊವುಯೊ' ಎಂಬ ಪೋಷಕರ ತರಗತಿಯನ್ನು ಪರೀಕ್ಷಿಸಿ, 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ತರಬೇತಿ ಪಡೆದ ಸ್ಥಳೀಯರೇ ನಡೆಸಿಕೊಟ್ಟ 14 ತರಗತಿಗಳಲ್ಲಿ ಹೆತ್ತವರೂ ಹದಿಹರೆಯದ ಮಕ್ಕಳೂ ಒಟ್ಟಿಗೆ ಹೊತ್ತು ಕಳೆಯುವುದು, ಮೆಚ್ಚಿ ಮಾತನಾಡುವುದು, ಸಿಟ್ಟನ್ನು ಹತೋಟಿಯಲ್ಲಿಡುವುದು, ಮನೆಖರ್ಚನ್ನು ತೂಗಿಸುವುದು ಇವುಗಳನ್ನು ಅಭ್ಯಾಸ ಮಾಡಿದರು. ಬಾರದವರ ಮನೆಗೇ ಹೋಗಿ ಕಲಿಸಲಾಯಿತು. ಹೊಡೆತ ಕಡಿಮೆಯಾಯಿತೆಂದು ಪೋಷಕರು ಹೇಳಿದರು. ಅವರ ಖಿನ್ನತೆಯೂ ತಗ್ಗಿತು. ಆದರೆ ಮಕ್ಕಳ ಹೇಳಿಕೆಯಲ್ಲಿ ಆ ಇಳಿಕೆ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಮಕ್ಕಳ ಅಲಕ್ಷ್ಯವೂ ತಗ್ಗಲಿಲ್ಲ.

ಈ ಕೊನೆಯ ಮಾತೇ ನಮಗೆ ಮುಖ್ಯವಾದುದು. ನಡೆ ನುಡಿಗಳು ಒಂದಾಗಬೇಕೆಂದವರು ಶರಣರು. 'ನಾನು ಬದಲಾಗಿದ್ದೇನೆ' ಎಂಬುದು ತಂದೆಯ ನುಡಿ. ಅವನ ನಡೆಗೆ ಸಾಕ್ಷಿ ಮಗು ಮಾತ್ರ.

ಆದುದರಿಂದ ಮಾಸಿಕ ಶಿವಾನುಭವ ಗೋಷ್ಠಿಯ ಜೊತೆಗೆ ಪೋಷಕರ ಗೋಷ್ಠಿಯೊಂದನ್ನು ಮಠಗಳು ನಡೆಸಬೇಕೆಂಬುದು ನಮ್ಮ ಅಭಿಪ್ರಾಯ. ತಾಯಂದಿರಷ್ಟೇ ಅಲ್ಲ, ತಂದೆಯರೂ ಅಜ್ಜ-ಅಜ್ಜಿಯರೂ ಬರಬೇಕು. ಉಪನ್ಯಾಸವೊಂದೇ ಸಾಲದು, ಅಭ್ಯಾಸ ಬೇಕು. ಮಕ್ಕಳು ನಿರ್ಭಯವಾಗಿ ಮಾತನಾಡಲು ಅಲ್ಲಿ ಸ್ಥಾನವಿರಬೇಕು. ಎಲ್ಲರ ಅನುಭವಕ್ಕೂ ಬೆಲೆಯಿದ್ದ ಅನುಭವ ಮಂಟಪದ ವಾರಸುದಾರರಿಗೆ ಇದು ಹೊಸದೇನಲ್ಲ. ಹಾಗೆ ಮಾತನಾಡಿದ ಮಗುವಿನ ಬಾಯಿಯನ್ನು ಮನೆತನದ ಮರ್ಯಾದೆ, ಮಠದ ಮರ್ಯಾದೆ ಎಂದು ಮುಚ್ಚಿಸಬಾರದು. ಮಗುವಿನ ಮೇಲಾದ ಲೈಂಗಿಕ ದೌರ್ಜನ್ಯವನ್ನು ತಿಳಿದವರು ವರದಿ ಮಾಡಲೇಬೇಕೆಂದು 2012ರ ಪೋಕ್ಸೊ ಕಾಯ್ದೆಯು ವಿಧಿಸಿದೆ. 1098 ಮಕ್ಕಳ ಸಹಾಯವಾಣಿಯೂ ಇದೆ.

ದಯೆಯನ್ನು ಧರ್ಮದ ಬೇರೆಂದು ತಿಳಿದವರು ನಾವು. ಆ ಬೇರಿಗೆ ಮೊದಲ ನೀರು ನಮ್ಮ ನಮ್ಮ ಮನೆಯಂಗಳದಲ್ಲಿಯೇ ಬೀಳಬೇಕು.