ಯಂತ್ರ ಸದ್ದು ಕೊಡುತ್ತದೆ, ಮಾತು ಕೊಡಬೇಕಾದವರು ನಾವು

ಪುಣೆಯ ನಮ್ಮ ಮನೆಯಲ್ಲಿ ದಿನ ಶುರುವಾಗುವುದು ಆರು ಧ್ವನಿಗಳಿಂದ. ಆ, ಈ, ಊ, ಮ್, ಶ್, ಸ್. ಮಗಳ ಬೆನ್ನ ಹಿಂದೆ ನಿಂತು, ತುಟಿ ಕಾಣದಂತೆ ಒಂದೊಂದಾಗಿ ಹೇಳುತ್ತೇನೆ. ಅವಳು ತಿರುಗಿ ಹೇಳಿದರೆ ಯಂತ್ರ ಸರಿಯಾಗಿದೆ ಎಂದರ್ಥ. 'ಸ್' ಕೇಳಿಸದ ದಿನ ಬ್ಯಾಟರಿ, ಕೇಬಲ್ ತಪಾಸಣೆ. ಇದಕ್ಕೆ ಲಿಂಗ್ ಪರೀಕ್ಷೆ ಎನ್ನುತ್ತಾರೆ. ತಗಲುವುದು ಎರಡೇ ನಿಮಿಷ.

ಅವಳಿಗೀಗ ನಾಲ್ಕು ವರ್ಷ. ಹತ್ತು ತಿಂಗಳಿದ್ದಾಗ ತೀವ್ರ ಶ್ರವಣದೋಷ ಗೊತ್ತಾಯಿತು, ಒಂದೂಕಾಲು ವರ್ಷಕ್ಕೆ ಕಾಕ್ಲಿಯರ್ ಇಂಪ್ಲಾಂಟ್ ಆಯಿತು. ಇದು ಶ್ರವಣ ಸಾಧನದಂತೆ ಸದ್ದನ್ನು ದೊಡ್ಡದು ಮಾಡುವ ಉಪಕರಣವಲ್ಲ. ಕಿವಿಯ ಮೇಲಿನ ಪ್ರೊಸೆಸರ್ ಸದ್ದನ್ನು ಸಂಕೇತವಾಗಿಸಿ ಚರ್ಮದೊಳಗಿನ ರಿಸೀವರ್‌ಗೆ ಕಳಿಸುತ್ತದೆ. ಬಸವನಹುಳುವಿನ ಚಿಪ್ಪಿನಂತಿರುವ ಒಳಗಿವಿಯಲ್ಲಿ ಕೂರಿಸಿದ ಎಲೆಕ್ಟ್ರೋಡುಗಳು ಶ್ರವಣ ನರವನ್ನು ನೇರವಾಗಿ ಪ್ರಚೋದಿಸುತ್ತವೆ. ಸಹಜ ಕಿವಿಯಲ್ಲಿ ಸುಮಾರು 3,500 ಒಳ ಕೂದಲುಕೋಶಗಳು ಮಾಡುವ ಕೆಲಸವನ್ನು ಇಲ್ಲಿ 12ರಿಂದ 22 ಎಲೆಕ್ಟ್ರೋಡುಗಳು ಮಾಡಬೇಕು.

ಸಾಫ್ಟ್‌ವೇರ್ ಬರೆದು ಬದುಕುವ ನನಗೆ ಒಂದು ಭ್ರಮೆಯಿತ್ತು. ಹಾರ್ಡ್‌ವೇರ್ ಆನ್ ಆದರೆ ಮಗು ಕೇಳುತ್ತದೆ, ಕೇಳಿದರೆ ಮಾತಾಡುತ್ತದೆ ಎಂದುಕೊಂಡಿದ್ದೆ. ಆನ್ ಮಾಡಿದ ದಿನ ಅವಳು ಬೆಚ್ಚಿ ಅತ್ತಳು. ಸದ್ದು ತಲುಪಿತ್ತು, ಅರ್ಥ ತಲುಪಿರಲಿಲ್ಲ. ಅಂದು ಅವಳ ಕಿವಿಗೆ ಒಂದು ದಿನದ ವಯಸ್ಸು. ತಜ್ಞರು ಇದನ್ನೇ 'ಶ್ರವಣ ವಯಸ್ಸು' ಎನ್ನುತ್ತಾರೆ. ಅಲ್ಲಿಂದ ಮುಂದೆ ಪದೇ ಪದೇ ಮ್ಯಾಪಿಂಗ್, ವಾರವಾರ ಥೆರಪಿ, ಎಚ್ಚರವಿದ್ದಷ್ಟು ಹೊತ್ತೂ ಕಿವಿಗೆ ಯಂತ್ರ.

ನಾವು ತಪ್ಪಿದ್ದು ಭಾಷೆಯ ವಿಷಯದಲ್ಲಿ. 'ಮಗುವಿಗೆ ಗೊಂದಲ ಬೇಡ, ಒಂದೇ ಭಾಷೆ ಸಾಕು, ಇಂಗ್ಲಿಷ್ ಆದರೆ ಒಳ್ಳೆಯದು' ಎಂದು ಒಂದು ಕಡೆ ಸಲಹೆ ಸಿಕ್ಕಿತು. ನಂಬಿದೆವು. ಹೊರಗೆ ಮರಾಠಿ, ಆಫೀಸಿನಲ್ಲಿ ಹಿಂದಿ ಇರುವ ಊರಿನಲ್ಲಿ ಇದ್ದೊಂದು ಕನ್ನಡದ ಮನೆಯನ್ನು ನಾವೇ ಮುಚ್ಚಿದೆವು. ಧಾರವಾಡದಿಂದ ಮೊಮ್ಮಗಳಿಗಾಗಿ ಬಂದಿದ್ದ ನನ್ನ ಅವ್ವನಿಗೆ ಇಂಗ್ಲಿಷ್ ಬಾರದು. 'ನಾ ಮಾತಾಡಿದ್ರ ಕೂಸಿಗೆ ತ್ರಾಸ ಆಗತದಂತ' ಎಂದು ಸುಮ್ಮನಾದಳು. ನನ್ನ ಹೆಂಡತಿ 'ಸ್ಪೂನ್, ಕಪ್, ಬಾಲ್' ಎನ್ನುತ್ತಿದ್ದಳು, ವಾಕ್ಯ ಮುಂದೆ ಹೋಗುತ್ತಿರಲಿಲ್ಲ. ಕೇಳಲೆಂದು ಲಕ್ಷಗಟ್ಟಲೆ ಖರ್ಚು ಮಾಡಿ, ಕೇಳಲು ಏನೂ ಇಲ್ಲದ ಮನೆ ಮಾಡಿಟ್ಟಿದ್ದೆವು.

ಆರು ತಿಂಗಳ ನಂತರ ಬೇರೊಬ್ಬ ಥೆರಪಿಸ್ಟ್ ಕೇಳಿದರು: 'ನಿಮಗೆ ಸಿಟ್ಟು, ಮುದ್ದು, ಜೋಗುಳ ಯಾವ ಭಾಷೆಯಲ್ಲಿ ಬರುತ್ತದೆ? ಅದರಲ್ಲೇ ಮಾತಾಡಿ.' ಅವರು ಮರಾಠಿಯವರು. ಕನ್ನಡದ ಒಂದು ಪದವೂ ಅವರಿಗೆ ಗೊತ್ತಿರಲಿಲ್ಲ.

ಅವರ ಮಾತಿನಲ್ಲಿ ತರ್ಕವಿದೆ. ಮಗುವಿಗೆ ಬೇಕಿರುವುದು ಪದಗಳ ಪಟ್ಟಿಯಲ್ಲ, ಇಡೀ ವಾಕ್ಯ, ಅದರ ಏರಿಳಿತ, ಮತ್ತೆ ಮತ್ತೆ ಬರುವ ಒಂದೇ ಮಾತು. ನಮ್ಮ ಭಾಷೆಯಲ್ಲಂತೂ ಅರ್ಥದ ಕೀಲಿ ಪದದ ತುದಿಯಲ್ಲಿರುತ್ತದೆ. ಬಂದ, ಬಂದಳು, ಬಂದರು: ವ್ಯತ್ಯಾಸವೆಲ್ಲ ಕೊನೆಯಲ್ಲಿ. ಬಳೆಗೂ ಬಾಳೆಗೂ ನಡುವೆ ಇರುವುದು ಸ್ವರದ ಉದ್ದವೊಂದೇ. ಇದನ್ನು ಕಿವಿಗೆ ಹತ್ತಿಸುವುದು ಸಾವಿರ ಸಲ ಸಹಜವಾಗಿ ಆಡಿದ ಮಾತು. ಅಂಥ ಮಾತು ಬರುವುದು ನಮಗೆ ಸರಾಗವಾದ ಭಾಷೆಯಲ್ಲಿ. ಒಂದು ಭಾಷೆ ಗಟ್ಟಿಯಾಗಿ ಬೇರೂರಿದರೆ ಎರಡನೆಯದು ಅದರ ಮೇಲೆ ಬೆಳೆಯುತ್ತದೆ.

ಅವ್ವ ಮತ್ತೆ ಮಾತಿಗಿಳಿದಳು. ರೊಟ್ಟಿ ಬಡಿಯುತ್ತ, ಜಡೆ ಹಾಕುತ್ತ, ನೆಲ ಒರೆಸುತ್ತ ಅವಳದು ನಿರಂತರ ಕಾಮೆಂಟರಿ. ಮಗಳ ಮೊದಲ ಎರಡು ಪದದ ವಾಕ್ಯ: 'ಅಜ್ಜಿ, ಬಾ.' ಈಗ ಶಾಲೆಯಿಂದ ಇಂಗ್ಲಿಷ್, ಅಂಗಳದಿಂದ ಮರಾಠಿ ತಾನಾಗಿ ಬರುತ್ತಿವೆ.

ಎಲ್ಲ ಮಕ್ಕಳಿಗೂ ಇಂಪ್ಲಾಂಟ್ ಹೊಂದುವುದಿಲ್ಲ, ಹಾಕಿಸಿಕೊಂಡವರೆಲ್ಲರ ಫಲವೂ ಒಂದೇ ಆಗಿರುವುದಿಲ್ಲ. ಸನ್ನೆ ಭಾಷೆಯೂ ಪೂರ್ಣ ಭಾಷೆಯೇ. ಅದನ್ನು ಕಲಿಸುವುದು ಸೋಲಲ್ಲ. ಮೊದಲ ವರ್ಷಗಳು ಯಾವ ಭಾಷೆಯೂ ಇಲ್ಲದೆ ಕಳೆದುಹೋದರೆ ಮಾತ್ರ ಅದು ದೊಡ್ಡ ನಷ್ಟ.

ಶಸ್ತ್ರಚಿಕಿತ್ಸೆಗೆ ಸರ್ಕಾರಿ ನೆರವು ಇದೆ. ಕೇಂದ್ರದ ಎಡಿಐಪಿ ಯೋಜನೆಯಡಿ, ಮುಂಬೈನ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯ ಮೂಲಕ ಅರ್ಹ ಕುಟುಂಬಗಳ ಮಕ್ಕಳಿಗೆ ಇಂಪ್ಲಾಂಟ್ ಸಿಗುತ್ತದೆ. ಆದರೆ ನೆರವಿನ ಲೆಕ್ಕ ಆಪರೇಷನ್ ಥಿಯೇಟರಿನ ಬಾಗಿಲಿಗೆ ಮುಗಿಯಬಾರದು. ವರ್ಷಗಟ್ಟಲೆ ಬೇಕಾಗುವ ಥೆರಪಿ, ಕೇಬಲ್, ಹಳತಾಗುವ ಪ್ರೊಸೆಸರ್ ಎಲ್ಲವೂ ಅದರೊಳಗೆ ಬರಬೇಕು. 1965ರಿಂದ ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಅನುಭವ ನಮ್ಮ ರಾಜ್ಯದ ಆಸ್ತಿ. ಹೊರರಾಜ್ಯದ ಕನ್ನಡ ಕುಟುಂಬಗಳಿಗೆ ವಿಡಿಯೊ ಕರೆಯ ಮೂಲಕ ಕನ್ನಡದ ಥೆರಪಿ ಸುಲಭವಾಗಿ ಸಿಗುವಂತಾದರೆ ನನ್ನಂಥ ಎಷ್ಟೋ ಅಪ್ಪಂದಿರ ಆರು ತಿಂಗಳು ಉಳಿಯುತ್ತವೆ. ಕನ್ನಡ ಸಂಘಗಳು ರಾಜ್ಯೋತ್ಸವದ ವೇದಿಕೆಯ ಜೊತೆಗೆ ಇಂಥ ಮನೆಗಳ ಪಟ್ಟಿಯೊಂದನ್ನು ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಹುಟ್ಟಿದ ಮಗುವಿನ ಶ್ರವಣ ಪರೀಕ್ಷೆಯನ್ನು ಒಂದು ತಿಂಗಳೊಳಗೆ ಮಾಡಿಸಿ. ದೋಷ ಕಂಡರೆ ಕಾಯಬೇಡಿ. ಯಂತ್ರ ಬಂದ ಮೇಲೆ ಮನೆಯ ಅಜ್ಜಿಯನ್ನು ಸುಮ್ಮನಾಗಿಸಬೇಡಿ.